ಹೋಮ್‌ವರ್ಕ್ ಫೈಲು, ಮೂರನೇ ತರಗತಿ: ಒಂದು ವರ್ಷ ಬಳಸಿದ ಮೇಲೆ

ನಾನು ಕರಡು ತಿದ್ದುವವನು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಬಿಟ್ಟುಹೋದ ಒತ್ತಕ್ಷರ, ಎಳೆಯಲು ಮರೆತ ದೀರ್ಘ, ಅಲ್ಪಪ್ರಾಣವಾಗಿ ಕುಗ್ಗಿದ ಮಹಾಪ್ರಾಣ ಇವನ್ನೆಲ್ಲ ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹದಿನೆಂಟು ವರ್ಷಗಳಿಂದ ಇದೇ ಕೆಲಸ. ಅಂಗಡಿಯ ಫಲಕ, ಮದುವೆಯ ಕರೆಯೋಲೆ, ಔಷಧದ ಡಬ್ಬಿ, ಯಾವುದನ್ನೂ ಸುಮ್ಮನೆ ಓದಿ ಬಿಡಲು ಆಗದ ಸ್ಥಿತಿಗೆ ಬಂದಿದ್ದೇನೆ. ಇಂಥವನ ಮುಂದೆ ಎಂಟು ವರ್ಷದ ಮಗಳ ಬರವಣಿಗೆಯನ್ನು ಇಟ್ಟು, ‘ಕೆಳಗೆ ಪೋಷಕರ ಸಹಿ’ ಎಂದು ಮಾತ್ರ ಕೇಳುವ ವಸ್ತುವೊಂದು ಕಳೆದ ವರ್ಷ ನಮ್ಮ ಮನೆಗೆ ಬಂತು. ಅದನ್ನು ಒಂದು ವರ್ಷ ಬಳಸಿದವನ ಅಭಿಪ್ರಾಯ ಇಲ್ಲಿದೆ.

ವಸ್ತು ಇಷ್ಟೇ. ನೀಲಿ ಬಣ್ಣದ, ಒತ್ತುಗುಂಡಿಯಿರುವ ಪ್ಲಾಸ್ಟಿಕ್ ಫೈಲು. ಸೋಮವಾರ ಮನೆಗೆ ಬರುತ್ತದೆ, ಶುಕ್ರವಾರ ಶಾಲೆಗೆ ಮರಳುತ್ತದೆ. ಒಳಗೆ ಲೆಕ್ಕದ ಹಾಳೆ, ಉಕ್ತಲೇಖನಕ್ಕೆ ಹತ್ತು ಪದಗಳು, ದಿನಕ್ಕೆ ಹದಿನೈದು ನಿಮಿಷ ಓದಿದ್ದಕ್ಕೆ ಸಹಿ ಹಾಕುವ ಪಟ್ಟಿ, ‘ಮನೆಯಲ್ಲಿ ಕೇಳಿ’ ಎಂಬ ಹೆಸರಿನ ಒಂದು ಚೀಟಿ. ತಿಂಗಳಿಗೊಂದು ಪ್ರಾಜೆಕ್ಟ್. ಇವುಗಳ ಬೆನ್ನಿಗೆ ಮೊಬೈಲಿನಲ್ಲಿ ಒಂದು ಆ್ಯಪ್. ಶಾಲೆಯ ಹೆಸರು ಇಲ್ಲಿ ಬೇಡ. ಶಾಲೆ ಒಳ್ಳೆಯದೇ, ಟೀಚರ್ ಇನ್ನೂ ಒಳ್ಳೆಯವರು. ನನ್ನ ತಕರಾರುಗಳಲ್ಲಿ ಅರ್ಧದಷ್ಟು ನನ್ನ ಮೇಲೆಯೇ ಇವೆ.

ಫೈಲಿನ ಹಿಂಬದಿಯಲ್ಲಿ ‘ದಿನಕ್ಕೆ 25 ನಿಮಿಷ’ ಎಂದು ಅಚ್ಚಾಗಿದೆ. ಇದನ್ನು ನಂಬದೆ ಎರಡು ವಾರ ಗೋಡೆ ಗಡಿಯಾರ ನೋಡಿ ಬರೆದಿಟ್ಟೆ. ಚೀಲದ ಜಿಪ್ ತೆರೆದಾಗಿನಿಂದ ಮತ್ತೆ ಮುಚ್ಚುವವರೆಗೆ ಸರಾಸರಿ 70 ನಿಮಿಷ. ಪೆನ್ಸಿಲ್ ಕಾಗದವನ್ನು ಮುಟ್ಟಿದ್ದ ಹೊತ್ತು ಮಾತ್ರ ಲೆಕ್ಕ ಹಾಕಿದರೆ 22. ಉಳಿದ 48 ನಿಮಿಷಗಳಲ್ಲಿ ಪೆನ್ಸಿಲ್ ಚೂಪು ಮಾಡುವುದು, ಚೂಪಾದ ಮೊನೆ ಮುರಿದದ್ದಕ್ಕೆ ಮತ್ತೆ ಚೂಪು ಮಾಡುವುದು, ರಬ್ಬರು ಹುಡುಕುವುದು, ನೀರು ಕುಡಿಯುವುದು, ಕುಡಿದ ನೀರಿನ ಫಲವಾಗಿ ಎದ್ದು ಹೋಗುವುದು, ನನ್ನ ‘ಬೇಗ ಆಗಲಿ’, ಅದಕ್ಕೆ ಅವಳ ‘ಮಾಡುತ್ತಾ ಇದ್ದೇನಲ್ಲ’. ಫೈಲು ಸುಳ್ಳು ಹೇಳಿರಲಿಲ್ಲ. ಅದು ಪೆನ್ಸಿಲ್ಲಿನ ಹೊತ್ತನ್ನು ಎಣಿಸಿತ್ತು, ನಾನು ಸಂಜೆಯ ಹೊತ್ತನ್ನು ಎಣಿಸಿದ್ದೆ.

ಇಷ್ಟು ಹೊತ್ತು ಯಾಕೆ ಎಂದು ಹುಡುಕುತ್ತ ಕುಳಿತಾಗ ‘ಹತ್ತು ನಿಮಿಷದ ನಿಯಮ’ ಸಿಕ್ಕಿತು. ತರಗತಿಯ ಅಂಕಿಯನ್ನು ಹತ್ತರಿಂದ ಗುಣಿಸಿದರೆ ದಿನಕ್ಕೆ ಎಷ್ಟು ನಿಮಿಷದ ಹೋಮ್‌ವರ್ಕ್ ಎಂಬುದು ಬರುತ್ತದೆ. ಮೂರನೇ ತರಗತಿಗೆ ಮೂವತ್ತು. ಈ ನಿಯಮದ ಜೊತೆ ಹೆಚ್ಚಾಗಿ ಕೇಳಿಬರುವ ಹೆಸರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಅವರದು. ಅವರೂ ಸಂಗಡಿಗರೂ 1987ರಿಂದ 2003ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಬರೆದ ಪ್ರಬಂಧ ನನ್ನನ್ನು ಇನ್ನಷ್ಟು ಕೆರಳಿಸಿತು. ಹೋಮ್‌ವರ್ಕಿಗೂ ಅಂಕಗಳಿಗೂ ಇರುವ ನಂಟು ಏಳನೇ ತರಗತಿಯಿಂದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಕಿರಿಯ ತರಗತಿಗಳಲ್ಲಿ ಅದು ತೀರಾ ದುರ್ಬಲ ಎಂಬುದು ಅದರ ಸಾರ. ಫೈಲನ್ನು ಅಟ್ಟಕ್ಕೆ ಎಸೆಯಬೇಕು ಅನ್ನಿಸಿತು. ಅಂಕ ಹೆಚ್ಚಿಸದ ಮೇಲೆ ಇದು ಯಾತಕ್ಕೆ?

ಈ ಪ್ರಶ್ನೆ ಹಳೆಯದು. ಕ್ಯಾಲಿಫೋರ್ನಿಯಾ ರಾಜ್ಯ 1901ರಲ್ಲೇ ಹದಿನೈದರ ಕೆಳಗಿನ ಮಕ್ಕಳಿಗೆ ಹೋಮ್‌ವರ್ಕ್ ಬೇಡವೆಂದು ಕಾನೂನು ಮಾಡಿತ್ತು. ಹೋಮ್‌ವರ್ಕನ್ನು 1905ರಲ್ಲಿ ರಾಬರ್ಟೊ ನೆವಿಲಿಸ್ ಎಂಬ ಇಟಲಿಯ ಮೇಷ್ಟ್ರು ಕಂಡುಹಿಡಿದರು ಎಂದು ಅಂತರ್ಜಾಲದ ತುಂಬ ಒಂದು ಕಥೆ ಓಡಾಡುತ್ತದೆ. 1905ರಲ್ಲಿ ಹುಟ್ಟಿದ್ದನ್ನು 1901ರಲ್ಲಿ ನಿಷೇಧಿಸಿದ ಆ ಶಾಸನಸಭೆಯ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಅಂಥ ಮೇಷ್ಟ್ರು ಬದುಕಿದ್ದರು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಕಚೇರಿಯಲ್ಲಿ ನನ್ನ ಮುಂದೆ ಈ ವಾಕ್ಯ ಬಂದಿದ್ದರೆ ಅಂಚಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ಫ್ರಾನ್ಸ್ 1956ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬರವಣಿಗೆಯ ಹೋಮ್‌ವರ್ಕನ್ನು ಸುತ್ತೋಲೆಯ ಮೂಲಕ ನಿಲ್ಲಿಸಿತು. ಆದರೂ ಅಲ್ಲಿನ ಮಕ್ಕಳು ಅದನ್ನು ಮನೆಗೆ ತರುವುದು ನಿಂತಿಲ್ಲ. ಭಾರತದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಸಾಕು ಎನ್ನುತ್ತದೆ. ಆ ಅಳತೆಗೆ ಹಿಡಿದರೆ ನಮ್ಮ ಫೈಲು ವಾರದ ನಾಲ್ಕು ಸಂಜೆಗೆ 100 ನಿಮಿಷ, ಅಂದರೆ ಇಪ್ಪತ್ತು ನಿಮಿಷ ಕಡಿಮೆಯೇ. ಕಾಗದದ ಮೇಲೆ ಮಾತ್ರ.

ಇನ್ನು ಲೆಕ್ಕದ ಹಾಳೆಗೆ ಬರುತ್ತೇನೆ. ಈ ವಿಮರ್ಶೆಯನ್ನು ಬರೆಯುವಂತೆ ಮಾಡಿದ್ದೇ ಅದು.

ಎರಡನೇ ತಿಂಗಳಲ್ಲಿ ಕಳೆಯುವ ಲೆಕ್ಕ ಬಂತು, ಪಕ್ಕದ ಮನೆಯಿಂದ ಸಾಲ ತರುವ ಬಗೆಯದು. ಹಾಳೆಗೆ ಹತ್ತು ಲೆಕ್ಕ. ನಾನು ಉತ್ತರ ಹೇಳಿಕೊಡುತ್ತಿರಲಿಲ್ಲ, ಆ ಮಟ್ಟಿಗೆ ಪ್ರಾಮಾಣಿಕ. ಪಕ್ಕದಲ್ಲಿ ಕುಳಿತು ‘ಇದನ್ನು ಇನ್ನೊಮ್ಮೆ ನೋಡು’ ಎನ್ನುತ್ತಿದ್ದೆ ಅಷ್ಟೆ. ಅವಳು ಅಳಿಸಿ ಬೇರೆ ಅಂಕಿ ಬರೆಯುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು. ಹುಬ್ಬು ಇನ್ನೂ ಮೇಲೆಯೇ ಇದ್ದರೆ ಮತ್ತೆ ಅಳಿಸುತ್ತಿದ್ದಳು. ಹುಬ್ಬು ಇಳಿದರೆ ಮುಂದಿನ ಲೆಕ್ಕ. ಮೂರು ವಾರ ಹೀಗೆ ನಡೆದು ಮೂರು ವಾರವೂ ಹತ್ತಕ್ಕೆ ಹತ್ತು ಬಂತು. ಕರಡಿನಲ್ಲಿ ಒಂದೂ ತಪ್ಪು ಉಳಿಸದೆ ಕಳುಹಿಸಿದ ನೆಮ್ಮದಿ ನನಗೆ.

ನಾಲ್ಕನೇ ವಾರ ತರಗತಿಯಲ್ಲಿ ಕಿರುಪರೀಕ್ಷೆ ಆಯಿತು. ಹತ್ತಕ್ಕೆ ಎರಡು.

ಟೀಚರ್ ಕರೆದರು. ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಪರೀಕ್ಷೆಯ ಕಾಗದದಲ್ಲಿ 52ರಲ್ಲಿ 27 ಕಳೆದರೆ 35 ಎಂದಿತ್ತು. 84ರಲ್ಲಿ 36 ಹೋದರೆ 52. 403ರಲ್ಲಿ 168 ಹೋದರೆ 365. ಸರಿಯಾಗಿದ್ದ ಎರಡು ಲೆಕ್ಕಗಳಲ್ಲಿ ಒಂದು 87ರಲ್ಲಿ 34, ಉತ್ತರ 53. ನಾನು ತಲೆ ತಗ್ಗಿಸಿ ‘ಗಮನ ಇಲ್ಲ ಇವಳಿಗೆ’ ಎಂದೆ. ಟೀಚರ್ ನಕ್ಕು, ‘ಎಷ್ಟು ಗಮನವಿಟ್ಟು ಮಾಡಿದ್ದಾಳೆ ನೋಡಿ ಸರ್. ಎಂಟೂ ಕಡೆ ಒಂದೇ ನಿಯಮ’ ಎಂದರು. ಆಗ ಕಂಡಿತು. ಮೇಲಿದೆಯೋ ಕೆಳಗಿದೆಯೋ ಎಂದು ನೋಡದೆ ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಳು. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು, ಆದ್ದರಿಂದ 35. ಸಾಲ ಬೇಕಾಗದ ಲೆಕ್ಕಗಳು ಈ ನಿಯಮದಲ್ಲೂ ಸರಿಯಾಗಿಯೇ ಬರುತ್ತವೆ. ಅದಕ್ಕೇ ಎರಡು.

ಆಮೇಲೆ ಟೀಚರ್ ಹೇಳಿದ ಮಾತು ನನಗೆ ಸರಿಯಾಗಿ ಚುಚ್ಚಿತು. ‘ಮನೆಯಿಂದ ಬರುವ ಹಾಳೆಯಲ್ಲಿ ನಿಮ್ಮ ಮಗಳು ನನಗೆ ಕಾಣಿಸುವುದೇ ಇಲ್ಲ ಸರ್. ನೀವು ಕಾಣಿಸುತ್ತೀರಿ.’

ಚುಚ್ಚಿದ್ದಕ್ಕೆ ಕಾರಣ ನನ್ನ ವೃತ್ತಿಯಲ್ಲೇ ಇತ್ತು. ಕರಡಿನಲ್ಲಿ ‘ಳ’ ಇರಬೇಕಾದ ಒಂದು ಕಡೆ ‘ಲ’ ಬಿದ್ದಿದ್ದರೆ ಅದನ್ನು ತಿದ್ದಿ ಮುಂದೆ ಹೋಗುತ್ತೇವೆ. ಅದೇ ತಪ್ಪು ನಲವತ್ತು ಕಡೆ ಬಂದಿದ್ದರೆ ನಲವತ್ತನ್ನೂ ಬಾಯಿ ಮುಚ್ಚಿಕೊಂಡು ತಿದ್ದುವವನು ದಡ್ಡ. ಅಕ್ಷರ ಜೋಡಿಸಿದವರನ್ನು ಕರೆದು ಕೇಳಬೇಕು, ಅವರಿಗೆ ಏನು ಅನ್ನಿಸಿದೆ ಎಂದು. ಹದಿನೆಂಟು ವರ್ಷ ಕಚೇರಿಯಲ್ಲಿ ಮಾಡಿದ್ದನ್ನು ನಾನು ಊಟದ ಮೇಜಿನ ಮೇಲೆ ಮರೆತಿದ್ದೆ. ಮಕ್ಕಳ ಕಳೆಯುವ ಲೆಕ್ಕಗಳ ಬಗ್ಗೆ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಬರೆದಿದ್ದಾರೆ. ಅಜಾಗರೂಕತೆ ಎಂದು ನಾವು ಬೈಯುವ ತಪ್ಪುಗಳಲ್ಲಿ ಎಷ್ಟೋ, ಸ್ವಲ್ಪ ಕೆಟ್ಟಿರುವ ಒಂದು ವಿಧಾನವನ್ನು ಮಗು ನಿಷ್ಠೆಯಿಂದ ಪಾಲಿಸಿದ್ದರ ಫಲ ಎಂದು. ನನ್ನ ಮಗಳ ತಪ್ಪು ಅವರ ಕಾಲದಿಂದಲೂ ಗುರುತಿಸಲ್ಪಟ್ಟ ಬಹಳ ಮಾಮೂಲು ತಪ್ಪು. ಟೀಚರಿಗೆ ಅದನ್ನು ಸರಿಪಡಿಸಲು ಹದಿನೈದು ನಿಮಿಷ ಸಾಕಿತ್ತು. ಆ ಹದಿನೈದು ನಿಮಿಷವನ್ನು ನಾನು ಮೂರು ವಾರ ಮುಂದಕ್ಕೆ ಹಾಕಿದ್ದೆ, ನನ್ನ ಹುಬ್ಬಿನ ಸಹಾಯದಿಂದ.

ಇಷ್ಟು ಹೊತ್ತಿಗೆ ಫೈಲಿನ ಬಗ್ಗೆ ನನ್ನ ತಿಳಿವಳಿಕೆ ತಿರುಗಿ ಕುಳಿತಿತ್ತು. ಅದನ್ನು ನಾನು ಮನೆಯಿಂದ ಶಾಲೆಗೆ ಒಪ್ಪಿಸುವ ಅಚ್ಚುಕಟ್ಟಾದ ಕೆಲಸ ಎಂದುಕೊಂಡಿದ್ದೆ. ಅದು ಪತ್ರ. ಮೂವತ್ತು ಮಕ್ಕಳ ನಡುವೆ ಒಬ್ಬೊಬ್ಬರ ಪಕ್ಕದಲ್ಲೂ ಕುಳಿತುಕೊಳ್ಳಲಾಗದ ಟೀಚರಿಗೆ ಮಗು ಒಂಟಿಯಾಗಿ ಬರೆದು ಕಳುಹಿಸುವ ಪತ್ರ: ನೀವು ಹೇಳಿದ್ದು ನನಗೆ ಹೀಗೆ ಅರ್ಥವಾಗಿದೆ. ಬೇರೆಯವರ ಪತ್ರವನ್ನು ನಡುವೆ ತೆರೆದು ತಿದ್ದುವವರನ್ನು ಏನೆಂದು ಕರೆಯುತ್ತಾರೋ ಅದು ನಾನಾಗಿದ್ದೆ.

ಇನ್ನೊಂದು ತಪ್ಪೊಪ್ಪಿಗೆಯೂ ಇದೆ. ನನಗೆ ಲೆಕ್ಕವೆಂದರೆ ಭಯ, ಚಿಕ್ಕಂದಿನಿಂದಲೂ. 2015ರಲ್ಲಿ ಎರಿನ್ ಮಲೋನಿ ಮತ್ತು ಸಂಗಡಿಗರು ಒಂದು, ಎರಡನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಲೆಕ್ಕದ ಭಯವಿರುವ ತಂದೆತಾಯಿ ಹೋಮ್‌ವರ್ಕಿಗೆ ಪದೇ ಪದೇ ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಲೆಕ್ಕ ಕಲಿತದ್ದು ಕಡಿಮೆ, ವರ್ಷದ ಕೊನೆಗೆ ಅವರ ಭಯವೂ ಹೆಚ್ಚು. ಅಂಥದೇ ಭಯವಿದ್ದೂ ಅಷ್ಟಾಗಿ ಸಹಾಯಕ್ಕೆ ಹೋಗದ ತಂದೆತಾಯಿಯ ಮಕ್ಕಳಲ್ಲಿ ಹೀಗೆ ಕಾಣಲಿಲ್ಲ. ಇದನ್ನು ಓದಿದ ಸಂಜೆ ನಾನು ಕುರ್ಚಿಯನ್ನು ಮೇಜಿನ ಆ ಬದಿಗೆ ಎಳೆದುಕೊಂಡು ನನ್ನ ಕರಡುಗಳನ್ನು ಬಿಚ್ಚಿದೆ. ಅವಳಿಗೆ ಅವಳ ಕೆಲಸ, ನನಗೆ ನನ್ನದು. ಮೊದಲ ದಿನ ಅವಳು ಏಳೆಂಟು ಸಲ ನನ್ನ ಮುಖ ನೋಡಿದಳು. ಹುಬ್ಬು ಪುಟದ ಮೇಲಿತ್ತು. ಹತ್ತು ದಿನಗಳಲ್ಲಿ 70 ನಿಮಿಷ ಇಳಿದು 35ಕ್ಕೆ ಬಂತು. ನೀರು ಕುಡಿಯುವುದು ಮಾತ್ರ ಕಡಿಮೆಯಾಗಲಿಲ್ಲ.

ಫೈಲಿನ ಅತ್ಯಂತ ಬೆಲೆಬಾಳುವ ಭಾಗ ಈಗ ನನ್ನ ಕಣ್ಣಿಗೆ ಬಿತ್ತು. ನಾಲ್ಕು ತಿಂಗಳು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ. ಪ್ರತಿ ಲೆಕ್ಕದ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು ಒಂದು ಚೌಕ. ಅದರಲ್ಲಿ ಮೂರು ಸಾಲು: ‘ಎಷ್ಟು ನಿಮಿಷ ಹಿಡಿಯಿತು? ಸಹಾಯ: ಇಲ್ಲ / ಸ್ವಲ್ಪ / ಬಹಳ. ಎಲ್ಲಿ ನಿಂತಿತು?’ ಅಕ್ಷರಗಳನ್ನು ಇಷ್ಟು ಚಿಕ್ಕದಾಗಿ ಅಚ್ಚು ಮಾಡಿದವರ ಮೇಲೆ ವೃತ್ತಿಪರ ಆಕ್ಷೇಪ ನನ್ನದಿದೆ. ನಿಜ ತುಂಬಲು ಶುರು ಮಾಡಿದೆ. ‘35 ನಿಮಿಷ. ಸಹಾಯ ಇಲ್ಲ. ನಡುವೆ ಸೊನ್ನೆ ಬಂದ ಕಡೆ ನಿಂತಿತು.’ ಮುಂದಿನ ಸೋಮವಾರ ಬಂದ ಹಾಳೆಯಲ್ಲಿ ಹತ್ತರ ಬದಲು ನಾಲ್ಕೇ ಲೆಕ್ಕ. ನಾಲ್ಕರಲ್ಲೂ ನಡುವೆ ಸೊನ್ನೆ. ಕೈಬರಹದಲ್ಲಿ ಅವಳಿಗೆಂದೇ ಬರೆದದ್ದು. ಇಡೀ ವರ್ಷದಲ್ಲಿ ಈ ಸೇವೆಯಿಂದ ನನಗೆ ಅತ್ಯಂತ ತೃಪ್ತಿ ಸಿಕ್ಕಿದ ದಿನ ಅದು.

ಉಕ್ತಲೇಖನದ ಪಟ್ಟಿ ಮಿಶ್ರ ಅನುಭವ. ‘ಪ್ರತಿ ಪದವನ್ನು ಐದು ಸಲ ಬರೆಯಿರಿ’ ಎಂಬ ಸೂಚನೆ ಇದೆ. ಮಗಳು ‘ಭಾಷೆ’ ಬರೆದದ್ದನ್ನು ಒಮ್ಮೆ ಕದ್ದು ನೋಡಿದೆ. ಮೊದಲು ‘ಭಾ’ವನ್ನು ಮೇಲಿನಿಂದ ಕೆಳಕ್ಕೆ ಐದು ಸಲ ಇಳಿಸಿದಳು. ಆಮೇಲೆ ಪಕ್ಕದಲ್ಲಿ ಹೊಟ್ಟೆ ಸೀಳಿದ ‘ಷೆ’ಯನ್ನು ಐದು ಸಲ. ಇಟ್ಟಿಗೆ ಜೋಡಿಸಿದ ಹಾಗೆ. ಐದರಲ್ಲಿ ಒಂದು ಸಲವೂ ಆ ಪದ ಅವಳ ತಲೆಯೊಳಗಿಂದ ಬರಲಿಲ್ಲ. ಇದಕ್ಕೆ ಬದಲಾಗಿ ನೋಡು, ಮುಚ್ಚು, ಬರೆ, ತೆರೆದು ಹೋಲಿಸು ಎಂಬ ಕ್ರಮ ಹಿಡಿದೆವು. ದಿನಕ್ಕೆ ನಾಲ್ಕು ನಿಮಿಷ, ನಾಲ್ಕು ದಿನ. ಗುರುವಾರ ರಾತ್ರಿಯ ನಲವತ್ತು ನಿಮಿಷದ ರಾದ್ಧಾಂತ ನಿಂತಿತು. ಮರೆವನ್ನು ಅಳೆಯಲು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರು ಹೊಡೆದ ಜರ್ಮನಿಯ ಎಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದು ಇದನ್ನೇ. ಒಂದೇ ಸಲಕ್ಕೆ ಹಾಕುವ ಶ್ರಮಕ್ಕಿಂತ ದಿನಗಳ ಮೇಲೆ ಹಂಚಿದ ಶ್ರಮ ಚೆನ್ನಾಗಿ ನಿಲ್ಲುತ್ತದೆ. ಮುಚ್ಚಿ ನೆನಪಿಸಿಕೊಳ್ಳುವುದರ ಬಗ್ಗೆ ರೋಡಿಗರ್ ಮತ್ತು ಕಾರ್ಪಿಕ್ ಎಂಬವರ 2006ರ ಪ್ರಯೋಗವಿದೆ. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದು. ಅವರು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು, ಎಂಟು ವರ್ಷದವರನ್ನಲ್ಲ. ನಮ್ಮ ಮನೆಯಲ್ಲಿ ನಡೆದದ್ದಂತೂ ಅದೇ ರೀತಿ.

ಪಟ್ಟಿಯ ಗುಂಪುಗಳನ್ನು ಮಾಡಿದವರಿಗೆ ಒಂದು ಶಹಬ್ಬಾಸ್ ಹೇಳಬೇಕು. ಒಂದು ವಾರ ಪೂರ್ತಿ ಅರ್ಕಾವೊತ್ತು: ಸೂರ್ಯ, ವರ್ಷ, ಧೈರ್ಯ, ಪರ್ವತ. ಮಗಳು ಅರ್ಕಾವೊತ್ತಿನ ಚಿಹ್ನೆಯನ್ನು ಎಲ್ಲ ಪದಗಳಲ್ಲೂ ಒಂದು ಅಕ್ಷರ ಮೊದಲೇ ಹಾಕಿದಳು. ‘ಸೂ’ ಆದ ಕೂಡಲೇ ಚಿಹ್ನೆ, ಆಮೇಲೆ ‘ಯ’. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನಡುಗಿತು ಎಂದರೆ ಉತ್ಪ್ರೇಕ್ಷೆಯಲ್ಲ. ಸ್ವಲ್ಪ ಹೊತ್ತು ನೋಡುತ್ತ ಕುಳಿತ ಮೇಲೆ ಹೊಳೆಯಿತು, ಕಿವಿಗೆ ಕೇಳಿದ ಕ್ರಮದಲ್ಲೇ ಬರೆದಿದ್ದಾಳೆ. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಬರವಣಿಗೆಯಲ್ಲಿ ಮಾತ್ರ ಆ ಚಿಹ್ನೆ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಇಷ್ಟು ವರ್ಷ ಸಾವಿರಾರು ಅರ್ಕಾವೊತ್ತುಗಳನ್ನು ಕಾದವನು ನಾನು, ಅದು ಕಿವಿಯ ವಿರುದ್ಧ ಬರೆಯುವ ಗುರುತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಿದ್ದದೆ ಕಳುಹಿಸಿದೆ. ಆ ಹಾಳೆ ಹಿಂದಿರುಗಿದಾಗ ಟೀಚರ್ ತಪ್ಪಿನ ಗುರುತು ಹಾಕಿರಲಿಲ್ಲ. ಪಕ್ಕದಲ್ಲಿ ‘ಚೆನ್ನಾಗಿ ಕೇಳಿಸಿಕೊಂಡಿದ್ದೀಯೆ. ಬರೆಯುವಾಗ ಇದು ಕೊನೆಗೆ ಬರುವ ಅತಿಥಿ’ ಎಂದು ಬರೆದಿದ್ದರು.

ಓದಿನ ಪಟ್ಟಿಗೆ ಹೆಚ್ಚು ಮಾತು ಬೇಡ. ಓದುವುದು ಒಳ್ಳೆಯದು, ಓದಿದ್ದಕ್ಕೆ ದಿನವೂ ದೊಡ್ಡವರ ಸಹಿ ಬೇಕು ಎನ್ನುವುದು ದೊಡ್ಡವರನ್ನು ಸುಳ್ಳುಗಾರರನ್ನಾಗಿಸುತ್ತದೆ. ಗುರುವಾರ ರಾತ್ರಿ ನಾಲ್ಕು ದಿನದ ಸಹಿಗಳನ್ನು ಎರಡು ಬೇರೆ ಬೇರೆ ಪೆನ್ನುಗಳಲ್ಲಿ ಹಾಕಿದ ಘನಕಾರ್ಯ ನನ್ನದು. ಮಗಳು ಅದನ್ನು ನೋಡುತ್ತಿದ್ದಳು.

ಪ್ರಾಜೆಕ್ಟ್ ಈ ಫೈಲಿನ ಅತಿ ಕೆಟ್ಟ ಭಾಗ. ಸೌರಮಂಡಲದ ಮಾದರಿ ಮಾಡಿಕೊಂಡು ಬರಬೇಕಿತ್ತು. ರಾತ್ರಿ ಹತ್ತೂವರೆಗೆ ನಾನು ಥರ್ಮಾಕೋಲ್ ಉಂಡೆಗೆ ಬಣ್ಣ ಬಳಿಯುತ್ತಿದ್ದೆ, ಹೆಂಡತಿ ಶನಿಯ ಬಳೆಗೆ ರಟ್ಟು ಕತ್ತರಿಸುತ್ತಿದ್ದಳು, ವಿದ್ಯಾರ್ಥಿನಿ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಮೂರು ನಕ್ಷತ್ರ ಬಂತು. ಒಳಗೊಳಗೆ ಖುಷಿಪಟ್ಟೆ, ಅದನ್ನು ಬಚ್ಚಿಡುವುದಿಲ್ಲ. ಪ್ರದರ್ಶನದ ದಿನ ನೋಡಿದರೆ ಸಾಲಾಗಿ ಇಪ್ಪತ್ತೇಳು ಅಚ್ಚುಕಟ್ಟಾದ ಸೌರಮಂಡಲಗಳು, ಎಲ್ಲವೂ ನಲವತ್ತರ ಆಸುಪಾಸಿನವರ ಕೈಕೆಲಸ. ಕೊನೆಯಲ್ಲಿ ಒಂದೇ ಒಂದು ಸೊಟ್ಟ ಮಾದರಿ, ಅದರಲ್ಲಿ ಗುರು ಗ್ರಹ ಭೂಮಿಗಿಂತ ಚಿಕ್ಕದು. ಅದರ ಮುಂದೆ ನಿಂತಿದ್ದ ಹುಡುಗ ಒಬ್ಬನೇ ತನ್ನ ಮಾದರಿಯ ಬಗ್ಗೆ ನಿಲ್ಲಿಸದೆ ಮಾತಾಡುತ್ತಿದ್ದ.

ನಮ್ಮ ಮಾದರಿಯಲ್ಲೂ ತಪ್ಪಿಗೇನು ಬರವಿರಲಿಲ್ಲ. ಸೂರ್ಯನ ವ್ಯಾಸ ಭೂಮಿಯದಕ್ಕಿಂತ ಸುಮಾರು 109 ಪಟ್ಟು. ಸೂರ್ಯ ಹದಿನಾಲ್ಕು ಸೆಂಟಿಮೀಟರ್ ಅಗಲದ ಚೆಂಡಾದರೆ ಭೂಮಿ ಗುಂಡುಸೂಜಿಯ ತಲೆಯಷ್ಟೂ ಇರುವುದಿಲ್ಲ, ಮತ್ತು ಅದನ್ನು ಇಡಬೇಕಾದದ್ದು ಹದಿನೈದು ಮೀಟರ್ ಆಚೆ. ಅಂದರೆ ರಟ್ಟಿನ ಮೇಲೆ ಅಲ್ಲ, ಕೋಣೆ ದಾಟಿ ಹೊರಗೆ. ಚೆಂಡನ್ನು ಒಂದು ಕಡೆ ಇಟ್ಟು, ಗುಂಡುಸೂಜಿ ಹಿಡಿದು ಹದಿನೈದು ಮೀಟರ್ ಅಳೆದು ನಿಂತು ಬಾ ಎಂದು ಹೇಳಿದ್ದರೆ ಅಂಟು, ಬಣ್ಣ, ಅಪ್ಪ ಯಾವುದೂ ಬೇಕಿರಲಿಲ್ಲ. ಚೀನಾ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳಲ್ಲಿ ಒಂದು, ಎರಡನೇ ತರಗತಿಗೆ ಬರವಣಿಗೆಯ ಹೋಮ್‌ವರ್ಕ್ ನಿಲ್ಲಿಸಿದ ವಿಷಯ ಎಲ್ಲರಿಗೂ ಗೊತ್ತು. ಅದೇ ಕಾಗದದಲ್ಲಿ ಇನ್ನೊಂದು ಸಾಲು ಇದೆ. ತಂದೆತಾಯಿಗೆ ನೇರವಾಗಿಯಾಗಲಿ, ಮರೆಮಾಚಿಯಾಗಲಿ ಹೋಮ್‌ವರ್ಕ್ ಕೊಡಕೂಡದು, ಮಕ್ಕಳ ಹೋಮ್‌ವರ್ಕನ್ನು ಪರಿಶೀಲಿಸಿ ತಿದ್ದಿರೆಂದು ಅವರನ್ನು ಕೇಳಕೂಡದು. ‘ಮರೆಮಾಚಿ’ ಎಂಬ ಪದವನ್ನು ಆರಿಸಿದವರ ಮನೆಯಲ್ಲೂ ಒಂದು ಸೌರಮಂಡಲ ಇದ್ದಿರಬೇಕು.

ಆ್ಯಪ್ ರಾತ್ರಿ ಒಂಬತ್ತು ಹತ್ತಕ್ಕೆ ‘ನಾಳೆ ಹಸಿರು ಎಲೆಯೊಂದನ್ನು ತನ್ನಿ’ ಎಂದು ಗಂಟೆ ಬಾರಿಸುತ್ತದೆ. ತೆಗೆದುಹಾಕಿದ್ದೇನೆ.

‘ಮನೆಯಲ್ಲಿ ಕೇಳಿ’ ಚೀಟಿಯನ್ನು ನಾನು ಮೊದಲಿಗೆ ಜಾಗ ತುಂಬುವ ಅಲಂಕಾರ ಎಂದುಕೊಂಡಿದ್ದೆ. ಬಾಗಿಲಿನ ಎತ್ತರ ಅಂದಾಜು ಮಾಡಿ ಆಮೇಲೆ ಅಳೆಯಿರಿ, ಮನೆಯ ಹಿರಿಯರು ನಿಮ್ಮ ವಯಸ್ಸಿನಲ್ಲಿ ಶಾಲೆಗೆ ಹೇಗೆ ಹೋಗುತ್ತಿದ್ದರು ಕೇಳಿ, ಹೀಗೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್ಸ್ಟೈನ್ ಮತ್ತು ಸಂಗಡಿಗರು ರೂಪಿಸಿದ ಒಂದು ಬಗೆಯ ಹೋಮ್‌ವರ್ಕ್ ಇದೆ. ಅದರಲ್ಲಿ ದೊಡ್ಡವರು ಕಲಿಸಬೇಕಿಲ್ಲ. ಮಗು ಕಲಿತದ್ದನ್ನು ಅವರಿಗೆ ತೋರಿಸಬೇಕು, ಅವರನ್ನು ಮಾತಾಡಿಸಬೇಕು. ಕೆಲಸದ ಹೊಣೆ ಮಗುವಿನದೇ. ನಮ್ಮ ಚೀಟಿ ಆ ಜಾತಿಗೆ ಸೇರಿದ್ದು. ಅದರ ಬೆಲೆ ತಿಳಿದದ್ದು ‘ಈ ವಾರ ಕಲಿತ ಒಂದು ಲೆಕ್ಕವನ್ನು ಮನೆಯ ದೊಡ್ಡವರಿಗೆ ಹೇಳಿಕೊಡಿ’ ಎಂದು ಬಂದ ವಾರ.

ಮಗಳು ನನ್ನನ್ನು ಬಿಟ್ಟು ಅಜ್ಜಿಯನ್ನು ಆರಿಸಿಕೊಂಡಳು. ಯಾಕೆಂದು ಕೇಳಲಿಲ್ಲ. ಸ್ಲೇಟಿನ ಮೇಲೆ 403, ಕೆಳಗೆ 168. ನಮ್ಮ ತಾಯಿ ಕನ್ನಡಕ ಹಾಕಿಕೊಂಡು ಕುಳಿತರು.

‘ಮೂರರಲ್ಲಿ ಎಂಟು ಹೋಗುವುದಿಲ್ಲ ಅಜ್ಜಿ. ಅದಕ್ಕೆ ಪಕ್ಕದವರ ಹತ್ತಿರ ಸಾಲ ಕೇಳಬೇಕು.’

‘ಪಕ್ಕದಲ್ಲಿ ಸೊನ್ನೆ ಇದೆಯಲ್ಲೇ. ಅವನ ಹತ್ತಿರವೇ ಏನೂ ಇಲ್ಲ, ಸಾಲ ಎಲ್ಲಿಂದ ಕೊಡುತ್ತಾನೆ?’

ಮಗಳು ನಿಂತಳು. ತಿಂಗಳಿಂದ ಅವಳು ನಿಲ್ಲುತ್ತಿದ್ದ ಜಾಗವೇ ಅದು. ನಾನು ಪಕ್ಕದ ಕೋಣೆಯಲ್ಲಿ ಕರಡು ಹಿಡಿದು ಉಸಿರು ಬಿಗಿಹಿಡಿದಿದ್ದೆ. ಸ್ವಲ್ಪ ಹೊತ್ತು ಸೀಮೆಸುಣ್ಣದ ಸದ್ದಿಲ್ಲ.

‘ಅವನು ಅವನ ಪಕ್ಕದವನ ಹತ್ತಿರ ತರುತ್ತಾನೆ. ನಾಲ್ಕರ ಹತ್ತಿರ.’

‘ಎಷ್ಟು ತರುತ್ತಾನೆ?’

‘ಒಂದು ನೂರು. ಅದು ಇವನ ಮನೆಗೆ ಬಂದರೆ ಹತ್ತು ಹತ್ತುಗಳು ಆಗುತ್ತದೆ. ಅದರಲ್ಲಿ ಒಂದು ಹತ್ತನ್ನು ಮೂರಕ್ಕೆ ಕೊಟ್ಟುಬಿಟ್ಟು, ಒಂಬತ್ತನ್ನು ತಾನು ಇಟ್ಟುಕೊಳ್ಳುತ್ತಾನೆ.’

‘ಪರವಾಗಿಲ್ಲ, ಇಸಿದುಕೊಂಡದ್ದನ್ನೇ ಹಂಚಿ ತಾನೂ ಉಳಿಸಿಕೊಂಡ. ಜಾಣ’ ಎಂದರು ನಮ್ಮ ತಾಯಿ. ಉತ್ತರ 235 ಬಂತು. ಅಜ್ಜಿಗೆ ಅರ್ಥವಾಗಿದೆಯೋ ಎಂದು ಪರೀಕ್ಷಿಸಲು ಮಗಳು ಇನ್ನೊಂದು ಲೆಕ್ಕ ಕೊಟ್ಟಳು. ಅಜ್ಜಿ ಬೇಕೆಂದೇ ದೊಡ್ಡದರಿಂದ ಚಿಕ್ಕದನ್ನು ಕಳೆದರು. ‘ಹಾಗಲ್ಲ ಅಜ್ಜಿ, ನಾನೂ ಮೊದಲು ಹಾಗೇ ಮಾಡುತ್ತಿದ್ದೆ’ ಎಂದು ಕೇಳಿಸಿತು. ಆ ದಿನದ ಚೌಕದಲ್ಲಿ ‘ಸಹಾಯ’ದ ಮುಂದೆ ಏನು ಬರೆಯುವುದೋ ತಿಳಿಯದೆ ಖಾಲಿ ಬಿಟ್ಟೆ.

ಎಲ್ಲ ಮನೆಯಲ್ಲೂ ಅಜ್ಜಿ ಇರುವುದಿಲ್ಲ, ಮೇಜೂ ಇರುವುದಿಲ್ಲ. ಈ ಫೈಲಿನ ದೊಡ್ಡ ಕೊರತೆ ಅದು. ಮಗಳ ಪಕ್ಕ ಕೂರುವ ಹುಡುಗಿಯ ತಂದೆತಾಯಿ ಇಬ್ಬರೂ ಸಂಜೆ ಪಾಳಿಯ ಕೆಲಸದವರು. ಅವಳ ಓದಿನ ಪಟ್ಟಿಯಲ್ಲಿ ಸಹಿಗಳಿಲ್ಲ, ಖಾಲಿ ಜಾಗಕ್ಕೆಲ್ಲ ಕೆಂಪು ಸುತ್ತು. ಆ ಹುಡುಗಿ ಪುಸ್ತಕ ಓದುತ್ತಾಳೆ, ನಮ್ಮವಳಿಗಿಂತ ಹೆಚ್ಚೇ ಓದುತ್ತಾಳೆ. ಸುತ್ತು ಬಿದ್ದದ್ದು ಅವಳ ಓದಿಗಲ್ಲ, ಅವಳ ಮನೆಯ ಗಡಿಯಾರಕ್ಕೆ. ನನ್ನ ಎರಡು ಪೆನ್ನಿನ ಸಹಿಗಳಿಗೆ ನಕ್ಷತ್ರ ಬಂದಿತ್ತು. ಇದನ್ನು ಟೀಚರಿಗೆ ಹೇಳಿದೆ, ಪೆನ್ನಿನ ವಿಷಯ ಸಹಿತ. ಅವರು ಆ ತಿಂಗಳಿನಿಂದ ಸಹಿಯ ಕಾಲಮನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ‘ಇವತ್ತು ಓದಿದ್ದರಲ್ಲಿ ಒಂದು ಹೊಸ ಪದ’ ಎಂದು ಬರೆಯಲು ಹೇಳಿದರು. ಮಕ್ಕಳೇ ಬರೆಯುತ್ತಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಲೆಕ್ಕದ ಹಾಳೆಯಿಂದ ಒಂದು, ಪದಗಳ ಪಟ್ಟಿಯಿಂದ ಒಂದು, ಚೀಟಿಯಿಂದ ಒಂದು, ಬೆಂಕಿಪೊಟ್ಟಣದಷ್ಟು ಚೌಕದಿಂದ ಅರ್ಧ. ಅರ್ಧ ಕಡಿಮೆಯಾಯಿತು ಎಂದು ಈಗಲೂ ಅನ್ನಿಸುತ್ತದೆ. ಮಗು ಒಂಟಿಯಾಗಿ ಮಾಡಬಲ್ಲಷ್ಟು ಕೆಲಸ ಕೊಡುವ, ತಪ್ಪು ಬಂದರೆ ಅದನ್ನು ಓದುವ ವ್ಯವಧಾನ ಇರುವ ಟೀಚರ್ ನಿಮಗೆ ಸಿಕ್ಕಿದ್ದರೆ ಈ ಫೈಲನ್ನು ಧೈರ್ಯವಾಗಿ ಬಳಸಿ. ತಪ್ಪಿಗೆ ಬರೀ ಕೆಂಪು ಗೀಟು ಎಳೆದು ಕಳುಹಿಸುವವರಾದರೆ ನನ್ನ ಸಲಹೆ ಯಾವುದೂ ಕೆಲಸಕ್ಕೆ ಬಾರದು. ಅಲ್ಲಿ ಮಕ್ಕಳೂ ತಂದೆತಾಯಿಯೂ ಹತ್ತಕ್ಕೆ ಹತ್ತು ಮಾಡಿಯೇ ಕಳುಹಿಸುತ್ತಾರೆ, ಕಳುಹಿಸದೆ ಇನ್ನೇನು ಮಾಡಿಯಾರು.

ನಾಲ್ಕನೇ ತರಗತಿಯ ಫೈಲು ಕಳೆದ ವಾರ ಬಂತು. ಈ ಸಲ ಹಸಿರು. ಕಾಗದ ಚೆನ್ನಾಗಿದೆ, ಅಕ್ಷರ ದೊಡ್ಡದಾಗಿದೆ, ಮೊದಲ ಪುಟದಲ್ಲೇ ಎರಡು ಅಚ್ಚಿನ ತಪ್ಪುಗಳಿವೆ. ಲೆಕ್ಕದ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಚೌಕ ಇಲ್ಲ. ಆ ಜಾಗದಲ್ಲಿ ಆ್ಯಪಿಗೆ ಕರೆದೊಯ್ಯುವ ಕ್ಯೂಆರ್ ಕೋಡ್ ಕೂತಿದೆ. ಹಾಗಾಗಿ ಭಾನುವಾರ ಮಧ್ಯಾಹ್ನ ಅಡಿಪಟ್ಟಿ ಹಿಡಿದು ಕುಳಿತು, ಎಡಗಡೆ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದೊಂದೇ ಚೌಕ ಎಳೆಯುತ್ತಿದ್ದೇನೆ. ಹನ್ನೆರಡು ಹಾಳೆ ಮುಗಿದಿದೆ.